ಜಮಖಾನ ಒದರಿದವರ ಸರ್ಟಿಫಿಕೇಟು

ಜಮಖಾನ ಒದರುವುದು ನಮಗೆ ಹೊಸದಲ್ಲ. ಊರಲ್ಲಿ ಗೌಡರ ಮನೆ ಮದುವೆ ಮುಗಿದ ಮಾರನೇ ದಿನ ಚಪ್ಪರದ ಜಮಖಾನಗಳನ್ನು ಬೇಲಿಗೆ ಹಾಕಿ ಕೋಲಿನಲ್ಲಿ ಬಡಿಯುತ್ತಿದ್ದವರು ನಮ್ಮ ಅಪ್ಪಂದಿರು. ಧೂಳು ನಮ್ಮ ಮೂಗಿಗೆ, ಜಮಖಾನ ಅವರ ಅಟ್ಟಕ್ಕೆ. ಒದರುವಾಗ ಮುಟ್ಟಬಹುದಿತ್ತು, ಹಾಸಿದ ಮೇಲೆ ಮುಟ್ಟುವಂತಿರಲಿಲ್ಲ. ಇದು ಯಾವ ಶಾಸ್ತ್ರವೋ ಅವರನ್ನೇ ಕೇಳಬೇಕು.

ಈಗ ನಮ್ಮವ್ವ ಬೆಂಗಳೂರಿನ ಒಂದು ದೊಡ್ಡ ಆಫೀಸಿನಲ್ಲಿ ರಾತ್ರಿ ಪಾಳಿ. ಕೆಲಸದ ಹೆಸರು ಹೌಸ್‌ಕೀಪಿಂಗು. ಗೋಡೆಯಿಂದ ಗೋಡೆಗೆ ಕಾರ್ಪೆಟ್ಟು ಹಾಸಿದ ಮಹಡಿಗಳು. ಅದೇ ಜಮಖಾನ, ಬೇಲಿಗೆ ಹಾಕಿ ಬಡಿಯೋಕೆ ಆಗಲ್ಲ ಅಷ್ಟೇ.

ಅವ್ವನಿಗೆ ಅಕ್ಷರ ಬರದು. ಆದರೆ ಕಾರ್ಪೆಟ್ಟಿನ ವಿಷಯಕ್ಕೆ ಬಂದರೆ ಅವಳು ಪಂಡಿತೆ. ಕಾಫಿ ಚೆಲ್ಲಿದರೆ ಉಜ್ಜಬಾರದು, ಒಣ ಬಟ್ಟೆಯಲ್ಲಿ ಒತ್ತಬೇಕು. ಅದೂ ಕಲೆಯ ಅಂಚಿನಿಂದ ನಡುವಿಗೆ. ನಡುವಿನಿಂದ ಹೊರಕ್ಕೆ ಹೋದರೆ ಅಂಗೈಯಗಲದ ಕಲೆ ಮೊರದಗಲ ಆಗುತ್ತದೆ. ನೀರು ಹಾಕುವ ಮುಂಚೆ ಮಿಷಿನ್ನಿನಲ್ಲಿ ಧೂಳನ್ನೆಲ್ಲ ಎಳೆದುಬಿಡಬೇಕು, ಇಲ್ಲದಿದ್ದರೆ ಧೂಳು ಕೆಸರಾಗುತ್ತದೆ. ಉಣ್ಣೆಯದಾದರೆ ಖಾರವಾದ ಸೋಪು ಮುಟ್ಟಿಸಬಾರದು; ಯಾರಿಗೂ ಕಾಣದ ಮೂಲೆಯಲ್ಲಿ ಒಂದು ತೊಟ್ಟು ಹಾಕಿ, ಬಣ್ಣ ಬಿಡುತ್ತದೋ ಇಲ್ಲವೋ ನೋಡಿಕೊಂಡೇ ಮುಂದಕ್ಕೆ ಹೋಗಬೇಕು. ಅಡಿಯಲ್ಲಿ ಸೆಣಬಿದ್ದರೆ ನೀರು ಹೆಚ್ಚಾಗಬಾರದು. ಹೆಚ್ಚಾದರೆ ಒಣಗುತ್ತಾ ಒಣಗುತ್ತಾ ಕೆಂಚು ಬಣ್ಣ ಮೇಲಕ್ಕೆ ಏರುತ್ತದೆ, ಕಮಟು ವಾಸನೆ ಬರುತ್ತದೆ. ಇದನ್ನು ಅವ್ವ ಕಲಿತದ್ದು ಒಂದು ಸಲ ಹಾಗೆ ಆಗಿ ಮೂರು ದಿನದ ಸಂಬಳ ಮುರಿದುಕೊಂಡ ಮೇಲೆ. ಕಕ್ಕಸು ತೊಳೆಯುವ ಹುಡುಗಿಯರಿಗೆ ಅವಳು ಮೊದಲು ಹೇಳುವುದೇ ಇನ್ನೊಂದು: "ಬ್ಲೀಚಿಂಗ್ ಪೌಡರಿಗೆ ಆಸಿಡ್ ಬೆರಸ್ಬ್ಯಾಡ್ರವ್ವಾ, ಉಸ್ರು ಕಟ್ಕೊಂಡು ಸತ್ತೋಯ್ತೀರ." ಆ ಎರಡು ಸೇರಿದರೆ ಹುಟ್ಟುವುದು ಕ್ಲೋರಿನ್ ವಿಷಗಾಳಿ. ಅವ್ವನಿಗೆ ಹೆಸರು ಗೊತ್ತಿಲ್ಲ, ಗಾಳಿ ಗೊತ್ತು.

ಅಂಥವಳಿಗೆ ಒಂದು ದಿನ ಸರ್ಟಿಫಿಕೇಟು ಬಂತು. 2015ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಕೌಶಲ ವಿಕಾಸ ಯೋಜನೆಯಲ್ಲಿ, ಕಸುಬು ಮಾಡಿಯೇ ಕಲಿತವರನ್ನು ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ಒಂದು ದಾರಿ ಇದೆ. ಕಂಟ್ರಾಕ್ಟರು ಹನ್ನೊಂದು ಹೆಂಗಸರನ್ನು ಕೂರಿಸಿದ. ಕ್ಲಾಸು ತೆಗೆದುಕೊಂಡ ಹುಡುಗ ಕಲೆ ಉಜ್ಜಿ ತೋರಿಸಿದನಂತೆ. ಅವ್ವ "ಒತ್ತಪ್ಪಾ, ಉಜ್ಜಬ್ಯಾಡ" ಅಂದಳಂತೆ. ಎಲ್ಲರೂ ಪಾಸು. ಅಶೋಕ ಸ್ತಂಭದ ಮುದ್ರೆ ಇರುವ ಕಾಗದದಲ್ಲಿ ತನ್ನ ಫೋಟೋ ನೋಡಿ ಅವ್ವ ಎರಡು ದಿನ ಅದನ್ನು ಪೆಟ್ಟಿಗೆಗೆ ಹಾಕಲಿಲ್ಲ.

ನಮಗೆ ಮಾತ್ರ ಹೊಟ್ಟೆ ಉರಿಯಿತು. ಕೇರಿಯ ಗೆಳೆಯರೆಲ್ಲ ಕೂತು ಮಾತಾಡಿದೆವು. ಪೊರಕೆಗೂ ಸರ್ಟಿಫಿಕೇಟಾ? ಪೆಟ್ಟಿಗೆಯಲ್ಲಿ ಒಂದು ಜಾತಿ ಸರ್ಟಿಫಿಕೇಟು ಆಗಲೇ ಇದೆ, ಇದು ಎರಡನೆಯದು ಅಂದೆವು. ಕಸುಬನ್ನು ಹುಟ್ಟಿಗೆ ಕಟ್ಟಿಹಾಕುವುದರ ವಿರುದ್ಧ ಬಾಬಾಸಾಹೇಬರು 1936ರಲ್ಲೇ ಬರೆದಿದ್ದರು. ಎಪ್ಪತ್ತರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು. ನಡುವೆ 2010ರಲ್ಲಿ ಸವಣೂರಿನಲ್ಲಿ ನಮ್ಮ ಜನ ಮಲವನ್ನು ಮೈಮೇಲೆ ಸುರಿದುಕೊಂಡು ತಮ್ಮ ಗೋಳು ತೋರಿಸಬೇಕಾಯಿತು. ಇಷ್ಟೆಲ್ಲ ಆದದ್ದು ಪೊರಕೆ ಬಿಡೋದಕ್ಕೋ, ಪೊರಕೆಗೆ ಮುದ್ರೆ ಒತ್ತಿಸಿಕೊಳ್ಳೋದಕ್ಕೋ?

ನಮ್ಮಲ್ಲೇ ಓದಿಕೊಂಡ ಒಬ್ಬ ಗೆಳೆಯ ಬೇರೆ ಮಾತು ತೆಗೆದ. ಅಮೆರಿಕಾದಲ್ಲಿ ಕಾರ್ಪೆಟ್ಟು ತೊಳೆಯುವವರಿಗೆ ಪ್ರಮಾಣಪತ್ರ ಕೊಡಲೆಂದೇ 1972ರಲ್ಲಿ ಒಂದು ಸಂಸ್ಥೆ ಹುಟ್ಟಿತು. ತರಗತಿಗೆ ಹೋಗಬೇಕು, ಪರೀಕ್ಷೆ ಬರೆಯಬೇಕು, ಆಮೇಲೂ ಆಗಾಗ ಕಲಿಯುತ್ತಿದ್ದರೇನೇ ಪತ್ರ ಉಳಿಯುವುದು. ಅಲ್ಲಿಯ ಕೆಲವು ಕಾರ್ಪೆಟ್ ಕಂಪನಿಗಳು ಇಂಥವರಿಂದ ತೊಳೆಸಿದರೆ ಮಾತ್ರ ಗ್ಯಾರಂಟಿ ಉಳಿಯುತ್ತದೆ ಅನ್ನುತ್ತವೆ. ಪತ್ರ ಇದ್ದವನು ವ್ಯಾನಿನ ಮೇಲೆ ಅದರ ಗುರುತು ಬರೆಸಿಕೊಂಡು ತನ್ನ ರೇಟು ತಾನೇ ಹೇಳುತ್ತಾನೆ. ಅವನ ಅಪ್ಪ ಏನು ಮಾಡುತ್ತಿದ್ದ ಎಂದು ಆ ಕಾಗದ ಕೇಳುವುದಿಲ್ಲ.

ನಾವು ಸುಮ್ಮನಾದೆವು. ಅಮೆರಿಕಾ ಏನು ಸ್ವರ್ಗವಲ್ಲ, ಅಲ್ಲಿ ಕರಿಯರ ಕೈಗೆ ಎಂಥ ಕೆಲಸಗಳನ್ನು ಕೊಟ್ಟರೆಂಬುದು ನಮಗೂ ಗೊತ್ತು. ಆದರೂ ಆ ಮಾತು ಕೊರೆಯತೊಡಗಿತು. ಅವ್ವನ ಕಾಗದವನ್ನು ಮತ್ತೆ ತೆಗೆದು ನೋಡಿದೆವು. ಈ ಹೆಂಗಸು ಕಸುಬು ಬಲ್ಲವಳು, ಕುಶಲಿ ಎಂದು ಸರ್ಕಾರ ಬರೆದುಕೊಟ್ಟಿದೆ. ಪಕ್ಕದಲ್ಲೇ ಆ ತಿಂಗಳ ಸಂಬಳದ ಚೀಟಿ ಇತ್ತು. ಅದರಲ್ಲಿ ಹೆಸರಿನ ಮುಂದೆ 'ಅನ್‌ಸ್ಕಿಲ್ಡ್' ಅಂತಿದೆ. ಕುಶಲಿ ಅಲ್ಲದವಳು!

ಕನಿಷ್ಠ ಕೂಲಿಯ ಪಟ್ಟಿ ತೆಗೆದು ನೋಡಿ. ಕುಶಲಿಗೆ ಒಂದು ದರ, ಅರೆಕುಶಲಿಗೆ ಒಂದು, ಏನೂ ಬಾರದವನಿಗೆ ಒಂದು. ಗುಡಿಸುವವರು, ತೊಳೆಯುವವರು ಎಂದರೆ ಕಣ್ಣು ಮುಚ್ಚಿಕೊಂಡು ಕೊನೆಯ ಸಾಲಿಗೆ ತಳ್ಳುತ್ತಾರೆ. ಆಫೀಸಿನವರಿಗೆ ಟೆಂಡರು ಹಾಕುವಾಗ ಮಾತ್ರ ಕಂಟ್ರಾಕ್ಟರು 'ತರಬೇತಿ ಪಡೆದ ಸಿಬ್ಬಂದಿ' ಎಂದು ಬರೆದು ನಮ್ಮ ಹೆಂಗಸರ ಪತ್ರಗಳ ಜೆರಾಕ್ಸು ಲಗತ್ತಿಸುತ್ತಾನೆ. ಒಂದೇ ಕಾಗದ, ಕಂಟ್ರಾಕ್ಟರಿಗೆ ಲಾಭ, ಅವ್ವನಿಗೆ ಫೋಟೋ.

ಇಲ್ಲಿಗೆ ನಮ್ಮ ಸಿಟ್ಟಿನ ದಿಕ್ಕು ಬದಲಾಯಿತು. ಕಾಗದ ಹರಿಯಬೇಕು ಅಂದಿದ್ದವರು ನಾವು, ಈಗ ಅದನ್ನು ಆಯುಧ ಮಾಡಿಕೊಳ್ಳಬೇಕು ಅಂದೆವು. ಮಕ್ಕಳು ಪೊರಕೆ ಹಿಡಿಯಬಾರದು ಎಂಬುದರಲ್ಲಿ ರಾಜಿ ಇಲ್ಲ. ಆದರೆ ಇವತ್ತು ರಾತ್ರಿ ಪೊರಕೆ ಹಿಡಿದಿರುವ ಅವ್ವಂದಿರ ಕೂಲಿ? ಇನ್ನೊಂದು ಅನುಮಾನ ನಮ್ಮಲ್ಲಿ ಇನ್ನೂ ಉಳಿದಿದೆ. ಆ ಕ್ಲಾಸಿನಲ್ಲಿ ಕೂತ ಹನ್ನೊಂದು ಜನರೂ ನಮ್ಮಂಥ ಕೇರಿಗಳಿಂದ ಬಂದವರೇ. ಕೂಲಿ ಮೇಲಿನ ಸಾಲಿಗೆ ಏರಿದ ದಿನ ಬೇರೆ ಬೀದಿಗಳವರೂ ಆ ಬೆಂಚಿಗೆ ಬಂದು ಕೂರುತ್ತಾರೋ ಏನೋ, ನೋಡಬೇಕು.

ಅವ್ವನೂ ಉಳಿದ ಹತ್ತು ಜನರೂ ಅರ್ಜಿಗೆ ಹೆಬ್ಬೆಟ್ಟು ಒತ್ತಿದರು. ಇಬ್ಬರು ಸಹಿ ಹಾಕಿದರು, ಅಷ್ಟು ಕಲಿತಿದ್ದರು. ಪ್ರತಿಯೊಂದಕ್ಕೂ ಎರಡೆರಡು ಜೆರಾಕ್ಸು, ಸರ್ಟಿಫಿಕೇಟಿನದು ಒಂದು, ಸಂಬಳದ ಚೀಟಿಯದು ಒಂದು. ಕಾರ್ಮಿಕ ಇಲಾಖೆಯ ಸಾಹೇಬರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, "ಒರಿಜಿನಲ್ ಎಲ್ಲಿ?" ಎಂದು ಕೇಳಿದರು. ಒರಿಜಿನಲ್ಲುಗಳನ್ನು ಕಂಟ್ರಾಕ್ಟರು ಟೆಂಡರಿಗೆ ಬೇಕು ಎಂದು ಅಷ್ಟೊತ್ತಿಗೆ ವಾಪಸು ತೆಗೆದುಕೊಂಡುಬಿಟ್ಟಿದ್ದ. ಅವ್ವ ಒಬ್ಬಳು ಮಾತ್ರ ಕೊಟ್ಟಿರಲಿಲ್ಲ. ಸೀರೆಯ ಗಂಟಿನೊಳಗಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲೆ ಹರವಿದಳು.