ನಕ್ಷೆಗೂ ಕಾಗುಣಿತ ಉಂಟು

"ಕನ್ನಡದ ಕ್ಲಾಸಿನಲ್ಲಿ ನಕ್ಷೆ ಏಕೆ ಟೀಚರ್?" ಎಂದು ಪೋಷಕರೊಬ್ಬರು ಕೇಳಿದರು. ನಕ್ಷೆಯೂ ಒಂದು ಬರಹವೇ, ಓದಲು ಬಾರದವರಿಗೆ ಅದು ಬರೀ ಗೆರೆಗಳ ಗೋಜಲು ಎಂದೆವು.

ನಾವು ಮಕ್ಕಳ ಜೊತೆ ಕುಳಿತು ಓದಿದ್ದು ಆರ್ಡ್‌ನೆನ್ಸ್ ಸರ್ವೇಯವರ 1:25,000 ಪ್ರಮಾಣದ ನಕ್ಷೆ. ಅದರಲ್ಲಿ 4 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ಅಕ್ಸ್‌ಬ್ರಿಡ್ಜ್ ಪೇಟೆಯ ಗುರುತು ಟಿಕ್ಯೂ 055 845. ಅಕ್ಷರಗಳು 100 ಕಿಲೋಮೀಟರಿನ ದೊಡ್ಡ ಚೌಕವನ್ನು ಹೇಳುತ್ತವೆ. ಮೊದಲ ಮೂರು ಅಂಕಿಗಳು ಪೂರ್ವಕ್ಕೆ ಎಷ್ಟು ಸರಿಯಬೇಕು, ಉಳಿದ ಮೂರು ಉತ್ತರಕ್ಕೆ ಎಷ್ಟು ಏರಬೇಕು ಎಂಬುದನ್ನು ತಿಳಿಸುತ್ತವೆ. ಮೊದಲು ಅಡ್ಡಕ್ಕೆ, ಆಮೇಲೆ ಮೇಲಕ್ಕೆ. ಅದಲುಬದಲು ಮಾಡಿ 845 055 ಎಂದು ಓದಿದರೆ ನಮ್ಮ ಊರು ಹೇಸ್ಟಿಂಗ್ಸ್‌ನ ಆಚೆ ಸಮುದ್ರದಲ್ಲಿ ಮುಳುಗುತ್ತದೆ! ಮಕ್ಕಳು ಬಿದ್ದು ಬಿದ್ದು ನಕ್ಕರು. ಒಂದು ಒತ್ತಕ್ಷರ ತಪ್ಪಿದರೆ ಪದದ ಅರ್ಥವೇ ಕೆಡುವುದಿಲ್ಲವೇ, ಹಾಗೆಯೇ ಇದೂ.

ಎತ್ತರವನ್ನು ಓದುವುದು ಸಮೋನ್ನತಿ ರೇಖೆಗಳಿಂದ. ಒಂದೇ ಎತ್ತರದ ಸ್ಥಳಗಳನ್ನು ಸೇರಿಸುವ ಗೆರೆಗಳಿವು. ನಮ್ಮ ಹಾಳೆಯಲ್ಲಿ ಗೆರೆಯಿಂದ ಗೆರೆಗೆ 5 ಮೀಟರ್ ವ್ಯತ್ಯಾಸ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರದೂರ ಇದ್ದರೆ ಸಮತಟ್ಟು. ಗ್ರ್ಯಾಂಡ್ ಯೂನಿಯನ್ ಕಾಲುವೆಯ ದಡದಿಂದ ಹಿಲಿಂಗ್ಡನ್ ಕಡೆಗೆ ನಡೆದಾಗ ಕಾಲು ಏಕೆ ನೋಯುತ್ತದೆಂದು ಮಕ್ಕಳು ಆ ಗೆರೆಗಳನ್ನು ಎಣಿಸಿಯೇ ಹೇಳಿದರು.

ಇದು ಬರೀ ಆಟವಲ್ಲ. ಅಕ್ಸ್‌ಬ್ರಿಡ್ಜ್‌ನ ನೆಲದಡಿ, 76 ಮೆಟ್ಟಿಲು ಇಳಿದರೆ, ಬ್ರಿಟನ್ ಕದನದ ಬಂಕರ್ ಇದೆ. 1940ರಲ್ಲಿ ಅಲ್ಲಿ ಚೌಕಗಳಿದ್ದ ದೊಡ್ಡ ನಕ್ಷೆಯ ಮೇಜಿನ ಸುತ್ತ ತರುಣಿಯರು ನಿಂತು, ಶತ್ರು ವಿಮಾನಗಳು ಎಲ್ಲಿವೆ, ಎಷ್ಟಿವೆ, ಎಷ್ಟು ಎತ್ತರದಲ್ಲಿವೆ ಎಂಬ ಗುರುತುಗಳನ್ನು ಕೋಲಿನಿಂದ ಸರಿಸುತ್ತಿದ್ದರು. ಸೆಪ್ಟೆಂಬರ್ 15ರಂದು ಪ್ರಧಾನಿ ಚರ್ಚಿಲ್ ಅಲ್ಲೇ ಕುಳಿತು ನೋಡಿದರು. ಅಂದು ಒಂದು ಅಂಕಿ ತಪ್ಪಿದ್ದರೆ ವಿಮಾನಚಾಲಕರು ಖಾಲಿ ಆಕಾಶದಲ್ಲಿ ಹುಡುಕಬೇಕಾಗುತ್ತಿತ್ತು.

ಈ ವಿದ್ಯೆಗೂ ನಮ್ಮ ನಾಡಿಗೂ ನಂಟಿದೆ. 1784ರಲ್ಲಿ ವಿಲಿಯಂ ರಾಯ್ ಅವರು ಇಂದಿನ ಹೀಥ್ರೂ ಅಂಚಿನಿಂದ ಹ್ಯಾಂಪ್ಟನ್‌ವರೆಗೆ, 5 ಮೈಲಿಗೂ ಹೆಚ್ಚು ಉದ್ದದ ಆಧಾರರೇಖೆಯನ್ನು ಅಳೆದರು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಳಿ ಹಿಡಿದು ಅಂಥದೇ ರೇಖೆ ಅಳೆದರು. ನೆಲವನ್ನು ಓದಬಲ್ಲವರ ಕೈಗೆ ನೆಲವೂ ಸಿಕ್ಕಿತು. ಓದು ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಪಾಠ ಬೇಕೇ?

ಮಕ್ಕಳೇ, ಈ ರಜೆಯಲ್ಲಿ ಊರಿಗೆ ಹೋದಾಗ ರೈಲು ನಿಲ್ದಾಣದ ಹಳದಿ ಫಲಕವನ್ನು ಗಮನಿಸಿ. ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಅದರ ಮೇಲೆ ಬರೆದಿರುತ್ತದೆ. ಅದನ್ನು ಬರೆದುಕೊಂಡು ಬನ್ನಿ, ಅಕ್ಸ್‌ಬ್ರಿಡ್ಜ್ ಜೊತೆ ಹೋಲಿಸೋಣ. ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ನಕ್ಷೆ ಓದಲು ಬಂದರೆ ಎರಡೂ ಒಟ್ಟಿಗೇ ಆಗುತ್ತವೆ.