ಬೇಸಗೆಯ ಲಾಲ್‌ಬಾಗೂ ಮನೆಯ ಮುಂದಣ ಹಸುರೂ

ಚೈತ್ರ ವೈಶಾಖಗಳ ಬಿಸಿಲು ಬೆಂಗಳೂರಿಗೂ ಬಿಸಿಲೇ. ಸಮುದ್ರಮಟ್ಟದಿಂದ 3000 ಅಡಿಗಳ ಎತ್ತರದಲ್ಲಿರುವ ತಂಪಾದ ಊರೆಂದು ಹೆಮ್ಮೆಪಡುವವರೂ ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ನೆರಳನ್ನು ಅರಸುತ್ತಾರೆ. ಮನೆಯ ಮುಂದೆ ಹುಲ್ಲುಹಾಸನ್ನು ಬೆಳೆಸಿಕೊಂಡಿರುವ ಗೃಹಸ್ಥರು ಅಂಥ ಕಾಲದಲ್ಲೇ ಲಾಲ್‌ಬಾಗನ್ನು ಒಮ್ಮೆ ನೋಡಿಬರಬೇಕು. ಮಳೆಗಾಲದಲ್ಲಿ ಎಲ್ಲರ ಅಂಗಳವೂ ಹಸುರೇ. ತೋಟಗಾರನ ಜಾಣ್ಮೆ ತಿಳಿಯುವುದು ಬೇಸಗೆಯಲ್ಲಿ.

ಈ ತೋಟದ ಪೂರ್ವಕಥೆಯನ್ನು ವಾಚಕರಲ್ಲಿ ಹಲವರು ಬಲ್ಲರು. 1760ರಲ್ಲಿ ಹೈದರಾಲಿಯು ಇದನ್ನು ಆರಂಭಿಸಿದನು, ಟಿಪ್ಪು ಬೆಳೆಯಿಸಿದನು. 1856ರಲ್ಲಿ ಇದು ಸರಕಾರಿ ಸಸ್ಯೋದ್ಯಾನವಾಯಿತು. ಗಾಜಿನ ಮನೆಗೆ 1889ರಲ್ಲಿ ಅಸ್ತಿವಾರ ಬಿದ್ದಿತು. 1908ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ಕ್ರುಂಬಿಗಲ್ ಅವರು ಈ ತೋಟಕ್ಕೂ ಊರಿನ ಸಾಲುಮರಗಳಿಗೂ ಬಹುಕಾಲ ದುಡಿದರು. ಇಂದು ಲಾಲ್‌ಬಾಗಿನ ವಿಸ್ತಾರ ಸುಮಾರು 240 ಎಕರೆ.

ಬೆಳಗಿನ ಹೊತ್ತು ಒಳಗೆ ಕಾಲಿಟ್ಟರೆ ಮೊದಲು ಮನಸ್ಸನ್ನು ಸೆಳೆಯುವುದು ಗಾಜಿನ ಮನೆಯ ಸುತ್ತಣ ಹುಲ್ಲು. ಆದರೆ ನಾವು ಹೆಚ್ಚು ಹೊತ್ತು ನಿಂತುದು ಕೆಂಪೇಗೌಡರ ಗೋಪುರವಿರುವ ಹೆಬ್ಬಂಡೆಯ ಅಂಚಿನಲ್ಲಿ. ಸುಮಾರು 300 ಕೋಟಿ ವರ್ಷಗಳ ಹಿಂದಿನ ಬಂಡೆಯದು. ಅದರ ಬಿರುಕುಗಳಲ್ಲಿ ಬೆರಳುದ್ದ ಮಣ್ಣು ಹಿಡಿದ ಕಡೆ ಹುಲ್ಲು ಒಣಗಿ ಹೊಂಬಣ್ಣವಾಗಿತ್ತು. ಕೆಳಗೆ ಮಣ್ಣು ಆಳವಾದಂತೆಲ್ಲ ಅದೇ ಬಿಸಿಲಿನಲ್ಲಿ ಹುಲ್ಲು ಹಸುರಾಗುತ್ತ ಬಂದಿತ್ತು. ಹುಲ್ಲನ್ನು ಉಳಿಸುವುದು ಬೇರಿನ ಆಳವೆಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು.

ಅಲ್ಲಿಯೇ ಕಳೆ ಕೀಳುತ್ತಿದ್ದ ಮುದುಕನೊಬ್ಬನನ್ನು, “ಏನು ಯಜಮಾನರೆ, ದಿನಾ ಸಂಜೆ ನೀರು ಚಿಮುಕಿಸಿದರೂ ಮನೆಯ ಹುಲ್ಲು ಒಣಗುತ್ತದಲ್ಲ?” ಎಂದು ಕೇಳಿದೆವು.

“ದಿನಾ ಚಿಮುಕಿಸೋದಕ್ಕೇ ಒಣಗ್ತದೆ ಸ್ವಾಮಿ,” ಎಂದನು ಆತ. “ಮೇಲೇ ನೀರು ಸಿಕ್ಕಿದ್ರೆ ಬೇರು ಕೆಳಕ್ಕೆ ಯಾಕೆ ಹೋಗ್ತದೆ? ಒಂದು ಸಲ ಹೊಟ್ಟೆ ತುಂಬಾ ಕೊಡಿ, ಆಮೇಲೆ ನಾಲ್ಕು ದಿನ ಬಿಡಿ.”

ಆತನ ಮಾತು ಶಾಸ್ತ್ರಕ್ಕೂ ಸಮ್ಮತವಾದುದು. ಮೇಲುಮಣ್ಣು ಮಾತ್ರ ನೆನೆದರೆ ಬೇರುಗಳು ಅಲ್ಲಿಯೇ ಹರಡಿ, ಒಂದೇ ದಿನದ ಬಿಸಿಲಿಗೆ ಸೋಲುತ್ತವೆ. ಅರ್ಧ ಅಡಿ ಆಳಕ್ಕೆ ನೆನೆದರೆ ಅವು ತೇವವನ್ನು ಹಿಂಬಾಲಿಸಿ ಕೆಳಗಿಳಿಯುತ್ತವೆ. ಸಾಧಾರಣವಾಗಿ ಬೇಸಗೆಯಲ್ಲಿ ವಾರಕ್ಕೆ ಒಂದು ಅಂಗುಲದ ನೀರು ಸಾಕು. ಅದನ್ನು ಒಂದೆರಡು ಸಲಕ್ಕೆ ಹಂಚಿ ಕೊಡಬಹುದು. ಮುಂಜಾನೆಯೇ ಉತ್ತಮವಾದ ಹೊತ್ತು. ನಡುಹಗಲಿನ ನೀರು ಬಹುಭಾಗ ಆವಿಯಾಗುತ್ತದೆ. ರಾತ್ರಿಯೆಲ್ಲ ಎಲೆ ಒದ್ದೆಯಾಗಿದ್ದರೆ ಬೂಷ್ಟುರೋಗಕ್ಕೆ ಎಡೆಯಾಗುತ್ತದೆ.

ಹುಲ್ಲನ್ನು ಕತ್ತರಿಸುವುದರಲ್ಲಿಯೂ ವಿವೇಕ ಬೇಕು. ಬೇಸಗೆಯಲ್ಲಿ ತಲೆ ಬೋಳಿಸಿದಂತೆ ಕತ್ತರಿಸಬಾರದು. ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು. ಎಲೆಯೇ ನೆಲಕ್ಕೆ ಕೊಡೆ. ಕತ್ತರಿಸಿದ ಚೂರುಗಳನ್ನು ತೆಳ್ಳಗೆ ಅಲ್ಲಿಯೇ ಬಿಟ್ಟರೆ ತೇವವೂ ಉಳಿಯುತ್ತದೆ, ಗೊಬ್ಬರವೂ ಆಗುತ್ತದೆ. ಕೊನ್ನಾರಿ ಗಡ್ಡೆಯನ್ನು ಮೇಲೆ ಮಾತ್ರ ಕಿತ್ತರೆ ಪ್ರಯೋಜನವಿಲ್ಲ. ನೆಲ ನೆನೆದಿರುವಾಗ ಗಡ್ಡೆಸಹಿತ ತೆಗೆಯಬೇಕು. ನಮ್ಮ ಕೆಂಪುಮಣ್ಣಿಗೆ ಜರಡಿ ಹಿಡಿದ ಹಳೆಯ ಗೊಬ್ಬರವನ್ನು ತೆಳ್ಳಗೆ ಎರಚುವುದು ಬಹಳ ಒಳ್ಳೆಯದು. ಆದರೆ ಅದನ್ನು ಮಳೆ ಬಂದ ಮೇಲೆ ಮಾಡಬೇಕು. ನೀರಿಲ್ಲದ ನೆಲಕ್ಕೆ ಕಾರದ ರಾಸಾಯನಿಕ ಗೊಬ್ಬರವನ್ನು ಹಾಕಿದರೆ ಹುಲ್ಲು ಸುಟ್ಟುಹೋಗುತ್ತದೆ.

ಇನ್ನು ಎಲ್ಲಕ್ಕಿಂತ ಗುರುತರವಾದ ಮಾತು ನೀರಿನದು. ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ಹುಲ್ಲಿಗೆ ಒಂದು ಅಂಗುಲದ ನೀರೆಂದರೆ ಸುಮಾರು 230 ಲೀಟರು. ಇಪ್ಪತ್ತು ಅಡಿಗೆ ಮೂವತ್ತು ಅಡಿಯ ಅಂಗಳಕ್ಕೆ ವಾರಕ್ಕೆ ಸುಮಾರು 1400 ಲೀಟರು ಬೇಕಾಗುತ್ತದೆ. ದೂರದ ಕಾವೇರಿಯಿಂದ ಎತ್ತಿ ತಂದ ನೀರು ಇಷ್ಟು ಹುಲ್ಲಿಗೆ ಹೋಗುವುದು ನ್ಯಾಯವೆ? 2024ರ ಮಾರ್ಚಿ ತಿಂಗಳಲ್ಲಿ ಕೊಳವೆಬಾವಿಗಳು ಬತ್ತಿ, ಬೆಂಗಳೂರಿನ ಅನೇಕ ಮನೆಗಳ ಹೆಂಗಸರು ಕೊಡ ಹಿಡಿದು ಟ್ಯಾಂಕರಿಗೆ ಕಾದುದನ್ನು ನಾವು ಮರೆಯಬಾರದು. ಆಗ ಜಲಮಂಡಳಿಯು ಕುಡಿಯುವ ನೀರನ್ನು ತೋಟಕ್ಕೆ ಹಾಯಿಸಕೂಡದೆಂದು ಆಜ್ಞೆಮಾಡಿ, ಮೀರಿದವರಿಗೆ 5000 ರೂಪಾಯಿ ದಂಡವನ್ನು ಗೊತ್ತುಮಾಡಿತು. ನೆರೆಮನೆಯ ಕೊಡ ಬರಿದಾಗಿರುವಾಗ ನಮ್ಮ ಅಂಗಳದ ಹಸುರು ಕಣ್ಣಿಗೆ ತಂಪಾಗಲಾರದು.

ಆದರೆ ಹುಲ್ಲನ್ನು ಬಿಟ್ಟುಬಿಡಬೇಕೆಂದು ನಾವು ಹೇಳುವುದಿಲ್ಲ. ಬಳಸಿದ ನೀರನ್ನು ಶುದ್ಧಿಗೊಳಿಸಿ ಹಾಯಿಸುವ ಏರ್ಪಾಡು ಲಾಲ್‌ಬಾಗಿನಲ್ಲಿದೆ. ನಾವೂ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಹುಲ್ಲಿಗೆ ಚೆಲ್ಲಬಹುದು. ಸಾಬೂನಿನ ನೀರು ಹೆಚ್ಚಾಗಬಾರದು. ನೀರು ಸೋಸುವ ಯಂತ್ರವು ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚು. ಅದೊಂದನ್ನೇ ನಿತ್ಯವೂ ಹಾಯಿಸಿದರೆ ಮಣ್ಣು ಕೆಡುತ್ತದೆ. ಹುಲ್ಲುಹಾಸು ಚಿಕ್ಕದಾಗಿರಲಿ, ಉಳಿದ ಜಾಗದಲ್ಲಿ ಒಂದು ನುಗ್ಗೆಯೋ ಕರಿಬೇವೋ ಮಲ್ಲಿಗೆಯೋ ಇರಲಿ.

ಹುಲ್ಲನ್ನು ಹೊಸದಾಗಿ ಹಾಕುವವರು ಬಿಸಿಲಿರುವ ಅಂಗಳಕ್ಕೆ ಗರಿಕೆಯನ್ನೇ ಆರಿಸಿಕೊಳ್ಳುವುದು ಲೇಸು. ಗಣಪತಿಯ ಪೂಜೆಗೆ ನಾವು ತರುವ ಗರಿಕೆ ಬಿಸಿಲಿಗೆ ಹೆದರುವ ಜಾತಿಯಲ್ಲ. ನೀರಿಲ್ಲದಾಗ ಅದು ಎಲೆಯನ್ನು ಒಣಗಿಸಿಕೊಂಡು, ಜೀವವನ್ನು ನೆಲದೊಳಗಣ ಕಾಂಡದಲ್ಲಿ ಅಡಗಿಸಿಕೊಂಡು ಸುಮ್ಮನಿರುತ್ತದೆ. ಸತ್ತಿತೆಂದು ತಿಳಿದು ಅಗೆದುಹಾಕಬೇಡಿರಿ. ಅದರ ಮೇಲೆ ಓಡಾಟವನ್ನು ಕಡಮೆಮಾಡಿ ಬಿಡಿರಿ. ಏಪ್ರಿಲ್ ಮೇ ತಿಂಗಳುಗಳ ಗುಡುಗುಮಳೆ ಒಂದೆರಡು ಬಿದ್ದರೆ ಕೆಲವೇ ದಿನಗಳಲ್ಲಿ ಅದು ತಾನಾಗಿ ಚಿಗುರುತ್ತದೆ. ಬೇಸಗೆಯಲ್ಲಿ ಅಂಗಳ ಸ್ವಲ್ಪ ಹಳದಿಯಾದರೆ ಗೃಹಸ್ಥನಿಗೆ ಅವಮಾನವೇನೂ ಇಲ್ಲ. ಬೇರು ಗಟ್ಟಿಯಾಗಿದ್ದರೆ ಸಾಕು.