ವೇಗ ಹಿಡಿಯದ ಕನ್ನಡಿ

ರೋಹಿಣಿಯ ನಮ್ಮ ಮನೆಗೆ ಕನ್ನಡ ಪತ್ರಿಕೆ ಬರುವುದಿಲ್ಲ. ಪೊರೆಯ ಆಪರೇಷನ್ ಆದಮೇಲೆ ಅಪ್ಪನಿಗೆ ಫೋನಿನ ಬೆಳಕು ಆಗಿಬರುವುದಿಲ್ಲ. ಹಾಗಾಗಿ ಆಫೀಸಿಗೆ ಹೊರಡುವ ಮುಂಚೆ ನಾಲ್ಕೈದು ಪುಟ ಸುದ್ದಿ, ಒಂದು ಪ್ರಬಂಧ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದಿಡುವುದು ನನ್ನ ವಾಡಿಕೆ. ನೀವೀಗ ಓದುತ್ತಿರುವ ಈ ಬರಹವೂ ಅವರ ಕೈಗೆ ಹಾಗೆಯೇ ತಲುಪುತ್ತದೆ.

ಮೇ ತಿಂಗಳ ಒಂದು ಬೆಳಿಗ್ಗೆ ಪ್ರಿಂಟರ್ ಸುಯ್ಯೆಂದು ಸ್ವರ ಏರಿಸಿತು, ಮೇಲೆ ಮುಟ್ಟುವ ಮುಂಚೆಯೇ ಇಳಿಸಿತು, ಕೆಂಪು ದೀಪ ಮಿಣುಕಿಸಿ ಸುಮ್ಮನಾಯಿತು. ಹೊಸದು ತರೋಣವೆಂದೆ. "ಮೋಟಾರು ತಿರುಗೋದು ಕೇಳಿಸ್ತಿದೆಯಲ್ಲೋ, ಬಿಚ್ಚಿ ನೋಡಿಸು" ಎಂದರು ಅಪ್ಪ. ಸಾಗರದ ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವರು. ದೆಹಲಿಗೆ ಬಂದಮೇಲೆ ಅವರು ಯಾವುದಕ್ಕಾದರೂ ಹೀಗೆ ಒತ್ತಾಯ ಮಾಡಿದ್ದು ನನಗೆ ನೆನಪಿಲ್ಲ. ಮೂರು ದಿನ ಹಳೆಯ ಹಾಳೆಗಳನ್ನೇ ತಿರುವಿ ಹಾಕುತ್ತ ಕೂತರು.

ಭಾನುವಾರ ರಿಪೇರಿಯವನು ಬಂದು ಪಕ್ಕದ ಮುಚ್ಚಳ ತೆಗೆದ. ಒಂದೇ ಮೋಟಾರು, ಅದರ ಸುತ್ತ ಹಲ್ಲುಚಕ್ರಗಳ ಸಂತೆ. ಡ್ರಮ್ಮು, ರೋಲರು, ಟೋನರ್ ಬೇಯಿಸಿ ಕಾಗದಕ್ಕೆ ಕಚ್ಚಿಸುವ ಫ್ಯೂಸರ್, ಎಲ್ಲಕ್ಕೂ ಅದೇ ಒಡೆಯ. ಕಾಗದ ಎಳೆಯುವ ರೋಲರ್ ಮಾತ್ರ ಸದಾ ತಿರುಗುವುದಿಲ್ಲ. ಪುಟ್ಟ ಸೊಲೆನಾಯ್ಡ್ ಟಕ್ಕೆಂದು ಕೊಕ್ಕೆ ಬಿಟ್ಟಾಗ ಒಂದು ಸುತ್ತು. "ನಮ್ಮ ಮಿಲ್ಲಿನ ಲೈನ್ ಶಾಫ್ಟೇ ಇದು!" ಅಪ್ಪ ಕುರ್ಚಿ ಹತ್ತಿರ ಎಳೆದುಕೊಂಡರು.

"ಯೇ ನಹೀಂ ಬಾವೂಜಿ, ಊಪರ್‌ವಾಲಾ," ಅಂದ ಅವನು. ಮೇಲಿನ ಕಪ್ಪು ಪೆಟ್ಟಿಗೆಯಲ್ಲಿ ಇನ್ನೊಂದು ಮೋಟಾರು, ಅದರ ತಲೆಯ ಮೇಲೆ ಆರು ಮುಖದ ಕನ್ನಡಿ. ಒಂದೊಂದು ಮುಖವೂ ಲೇಸರ್ ಕಿರಣವನ್ನು ಡ್ರಮ್ಮಿನ ಮೇಲೆ ಒಂದು ಗೆರೆ ಎಳೆಸುತ್ತದೆ. ನಾನು ಲೆಕ್ಕ ಹಾಕಿದೆ: ಇಂಚಿಗೆ 600 ಗೆರೆಯಾದರೆ ಎ4 ಪುಟಕ್ಕೆ ಸುಮಾರು 7,000 ಗೆರೆ, ಅಂದರೆ ಹೆಚ್ಚುಕಡಿಮೆ 1,170 ಸುತ್ತು. ಪುಟ ಮೂರು ಸೆಕೆಂಡಿನಲ್ಲಿ ದಾಟಿದರೆ ನಿಮಿಷಕ್ಕೆ 23,000ಕ್ಕೂ ಮೇಲೆ! ತಿರುಗುವ ಕನ್ನಡಿಯಿಂದ ಪುಟ ಬರೆಸಬಹುದೆಂದು ಜೆರಾಕ್ಸ್‌ನ ಗ್ಯಾರಿ ಸ್ಟಾರ್ಕ್‌ವೆದರ್ 1971ರಲ್ಲೇ ಯಂತ್ರ ಕಟ್ಟಿ ತೋರಿಸಿದ್ದ.

ಬರೀ ಜೋರಾಗಿ ತಿರುಗಿದರೆ ಸಾಲದು. ಕೆಳಗಿನ ಮೋಟಾರಿಗೂ ಇದಕ್ಕೂ ನಡುವೆ ಬೆಲ್ಟಿಲ್ಲ, ಹಲ್ಲಿಲ್ಲ. ಬೋರ್ಡಿನ ಗಡಿಯಾರದ ಮಿಡಿತವೇ ಎರಡಕ್ಕೂ ತಾಳ. ಹಿಂದೆ ಬಿದ್ದರೆ ಕರೆಂಟು ಹೆಚ್ಚು, ಮುಂದೆ ಓಡಿದರೆ ಕಡಿಮೆ. ಪ್ರತಿ ಗೆರೆಗೂ ಮುಂಚೆ ಕಿರಣ ಅಂಚಿನ ಸಣ್ಣ ಸಂವೇದಕವೊಂದನ್ನು ಮುಟ್ಟಿ ಹೋಗುತ್ತದೆ. ಆ ಹಾಜರಿ ಹೊತ್ತಿಗೆ ಸರಿಯಾಗಿ ಬೀಳದಿದ್ದರೆ ಯಂತ್ರ ಅಡ್ಡಾದಿಡ್ಡಿ ಅಚ್ಚೊತ್ತುವ ಗೋಜಿಗೆ ಹೋಗದೆ ನಿಂತುಬಿಡುತ್ತದೆ. ನಮ್ಮದು ನಿಂತದ್ದು ಹಾಗೆ. (ಪೆಟ್ಟಿಗೆ ತೆರೆದಿಟ್ಟು ಕರೆಂಟು ಕೊಡಬೇಡಿ. ಆ ಕಿರಣ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣು ಕೆಡಿಸುತ್ತದೆ.)

ಬೇರಿಂಗಿನಲ್ಲಿ ಕರಕರ ಇತ್ತು. "ಧೂಳು," ಎಂದ ರಿಪೇರಿಯವನು. ದೆಹಲಿಯಲ್ಲಿ ಎಲ್ಲದಕ್ಕೂ ಇದೇ ಕಾರಣ. ಯಾವುದೋ ಸತ್ತ ಪ್ರಿಂಟರಿನ ಪೆಟ್ಟಿಗೆ ತಂದು ಕೂರಿಸಿದ. ಸ್ವರ ಏರಿತು, ಏರಿದಲ್ಲೇ ನಿಂತಿತು, ಕಾಗದ ಒಳಗೆ ಹೋಯಿತು.

"ಆ ಹಳೇ ಮೋಟಾರು ಕೊಡ್ತಾನಾ ಕೇಳೋ," ಎಂದರು ಅಪ್ಪ. ಈಗದು ಅವರ ಮೇಜಿನ ಮೇಲಿದೆ. ಓದುತ್ತ ಓದುತ್ತ, ಕನ್ನಡಿಗೆ ಬೆರಳು ತಾಗದಂತೆ, ಅಂಚು ಹಿಡಿದು ಒಂದು ಸುತ್ತು ತಿರುಗಿಸಿ ಕಿವಿಗೊಡುತ್ತಾರೆ.